ಹೂಮಳೆಯಿಂದ ಮುಂಗಾರಿಗೆ: ಜೇನುಪೆಟ್ಟಿಗೆಯ ಟಿಪ್ಪಣಿ

ಮಾರ್ಚ್

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಕೊಡಗಿನ ಜಂಬೂರಿನ ಸುತ್ತ ರೊಬಸ್ಟಾ ಕಾಫಿ ಅರಳಿದೆ. ನನ್ನ ಪೆಟ್ಟಿಗೆಯ ತುಡುವೆ ಜೇನುಹುಳಗಳಿಗೆ ಬಿಡುವಿಲ್ಲ. ಮರಿಗಳು ಬೆಳೆಯುವ ಸಂಸಾರ ಕೋಣೆ ತುಂಬಿದ್ದರಿಂದ ಮೇಲೆ ಜೇನು ಕೋಣೆ ಇಟ್ಟೆ. ಇರುವೆ ಹತ್ತದಂತೆ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟಾಯಿತು.

ಕುಡಿತ ಬಿಟ್ಟವನಿಗೆ ಕಷ್ಟದ ಹೊತ್ತು ಸಂಜೆ, ಆಗ ಪೆಟ್ಟಿಗೆ ತೆರೆಯುವಂತಿಲ್ಲ. ಹಾಗಾಗಿ ಚೌಕಟ್ಟಿಗೆ ತಂತಿ ಬಿಗಿಯುವ, ಹಳೆಯ ಎರಿ ಕರಗಿಸಿ ಮೇಣ ಸೋಸುವ ಕೆಲಸಗಳನ್ನು ಸಂಜೆಗೇ ಉಳಿಸಿಕೊಳ್ಳುತ್ತೇನೆ. ಕುಡಿಯುವ ಆಸೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ ಇಳಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಅದನ್ನು ಅಲೆಗೆ ಹೋಲಿಸಿದ್ದರು: ಹೊಡೆದಾಡಬೇಡಿ, ಅದು ಮುರಿಯುವವರೆಗೆ ಗಮನಿಸುತ್ತಾ ಇರಿ ಎಂಬುದು ಅವರ ವಿಧಾನ. ನನ್ನ ಅನುಭವದಲ್ಲಿ, ಬರಿಗೈಯಲ್ಲಿ ಕುಳಿತು ಗಮನಿಸುವುದಕ್ಕಿಂತ ತಂತಿ ಬಿಗಿಯುತ್ತಾ ಗಮನಿಸುವುದು ಸುಲಭ.

ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ತಾವಾಗಿ ನಿಲ್ಲಿಸಬಾರದು. ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್, ಸನ್ನಿ ಬಂದು ಜೀವಕ್ಕೇ ಅಪಾಯವಾಗಬಹುದು. ನಾನು ವೈದ್ಯರ ಕಣ್ಣೆದುರೇ ಬಿಟ್ಟದ್ದು. ಜೇನು ಬಂದದ್ದು ಆಮೇಲೆ.

ಏಪ್ರಿಲ್, ಮೇ

ಮದುವೆಗಳ ಕಾಲ. ಕೊಡಗಿನ ಮದುವೆಯಲ್ಲಿ "ಬೇಡ" ಎಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ತುಂಬಿದ ಲೋಟ ಕೈಯಲ್ಲಿದ್ದರೆ ಯಾರೂ ಕೇಳುವುದಿಲ್ಲ. ಹೋದೊಡನೆ ನಿಂಬೆ ಸೋಡಾ ಹಿಡಿಯುತ್ತೇನೆ, ಊಟವಾದ ಮೇಲೆ ನನ್ನದೇ ಗಾಡಿಯಲ್ಲಿ ಹೊರಡುತ್ತೇನೆ. ಪಕ್ಕದ ತೋಟದ ಮಾವ ಒಬ್ಬರೇ ಕಾರಣ ಕೇಳಿದರು. "ಕುಡಿದು ಹತ್ತಿರ ಹೋದರೆ ಹುಳ ಕೆರಳುತ್ತದೆ ಎಂದು ನೀವೇ ಹೇಳಿದ್ದಿರಲ್ಲ ಮಾವ" ಎಂದೆ. ಮತ್ತೆ ಒತ್ತಾಯಿಸಲಿಲ್ಲ. ಜೇನು ತೆಗೆದಾಯಿತು, ಮಳೆಗಾಲಕ್ಕೆಂದು ಹುಳಗಳ ಪಾಲು ಬಿಟ್ಟಿದ್ದೇನೆ.

ಜೂನ್

ನಿಜವಾದ ಪರೀಕ್ಷೆ ಈಗ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರಿನ ಕಡೆ ಗುಡ್ಡ ಜಾರಿದಾಗ ನಮ್ಮ ತೋಟವೂ ಹೋಯಿತು. ತಗಡಿನ ಮೇಲೆ ಮಳೆ ಜೋರಾದರೆ ಇಂದಿಗೂ ಎದೆ ಬಡಿದುಕೊಳ್ಳುತ್ತದೆ. ಇಂಥ ಹೊತ್ತಿಗೆ ಐದು ವಸ್ತು ನೋಡಿ, ನಾಲ್ಕು ಮುಟ್ಟಿ, ಮೂರು ಸದ್ದು ಆಲಿಸಿ, ಎರಡು ವಾಸನೆ, ಒಂದು ರುಚಿ ಗುರುತಿಸಿ ಎಂದು ಕಲಿಸುತ್ತಾರೆ. ಒಳ್ಳೆಯ ಉಪಾಯವೇ, ಆದರೆ ಕಿವಿಗೆ ಬೀಳುವುದೆಲ್ಲ ಮಳೆಯೇ ಆದಾಗ ಆ ಮೂರನೆಯ ಹಂತ ಕೆಲಸ ಕೆಡಿಸುತ್ತದೆ. ಅದನ್ನು ಬಿಟ್ಟು ವಾಸನೆಯಿಂದಲೇ ಶುರು ಮಾಡುತ್ತೇನೆ: ಮೇಣದ ಉಂಡೆ, ಹುಳಗಳಿಗೆ ಹೊಗೆ ಹಾಕುವ ತಿದಿಯ ಮಸಿ. ಆಮೇಲೆ ಪಾದಗಳನ್ನು ನೆಲಕ್ಕೆ ಒತ್ತಿ, ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಬಿಡುವುದು.

ಹವಾಮಾನ ಎಚ್ಚರಿಕೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡುತ್ತೇನೆ. ಹಳೆಯ ಭೂಕುಸಿತದ ವಿಡಿಯೊಗಳನ್ನು ಮಳೆ ಶುರುವಾದೊಡನೆ ಹಂಚುವ ಗುಂಪುಗಳಿಂದ ಹೊರಬಂದೆ. ಅವರಿಗೆ ಏನು ಸುಖವೋ. ನಿದ್ದೆ ಬಾರದ ರಾತ್ರಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಅನ್ನು ಗೋಡೆಯ ಮೇಲೆ ಬರೆದಿದ್ದೇನೆ. ಉಚಿತ ಕರೆ, ಕನ್ನಡದಲ್ಲೇ ಮಾತನಾಡಬಹುದು.

ಪೆಟ್ಟಿಗೆಯಲ್ಲಿ ರಾಣಿ ಮೊಟ್ಟೆ ಇಡುವುದನ್ನು ಕಡಿಮೆ ಮಾಡಿದೆ. ಒಂದು ಎರಿಯಲ್ಲಿ ಮೇಣದ ಪತಂಗದ ಜಾಡು ಕಂಡಿತು, ತೆಗೆದು ಹಾಕಿದೆ. ಮೇಲೆ ತಗಡು ಹೊದಿಸಿ ಕಲ್ಲು ಹೇರಿದೆ. ಜುಲೈಯಲ್ಲಿ ಪಾಕ ಕೊಡಬೇಕಾಗುತ್ತದೆ, ಸಕ್ಕರೆ ತಂದಿಟ್ಟಿದ್ದೇನೆ.