ಪಾಲಿಯೆಸ್ಟರ್ ದರ: ತೈಲವನ್ನಷ್ಟೇ ನೋಡಿದರೆ ಸಾಲದು

ಪಾಲಿಯೆಸ್ಟರ್ ದರ ಏರಿಳಿದಾಗಲೆಲ್ಲ ಕಚ್ಚಾತೈಲದತ್ತ ಬೆರಳು ತೋರಿಸುವುದು ರೂಢಿ. ಅದು ಅರ್ಧ ಸತ್ಯ. ಒಂದು ಕಿಲೋ ಪಾಲಿಯೆಸ್ಟರಿಗೆ ಸುಮಾರು 0.86 ಕಿಲೋ ಪಿಟಿಎ, 0.34 ಕಿಲೋ ಎಂಇಜಿ ಎಂಬ, ಹೆಚ್ಚಾಗಿ ತೈಲದಿಂದಲೇ ಬರುವ ಎರಡು ಕಚ್ಚಾ ರಾಸಾಯನಿಕಗಳು ಬೇಕು (ಹೆಚ್ಚುವರಿ ತೂಕ ಬಹುಮಟ್ಟಿಗೆ ನೀರಾಗಿ ಹೊರಹೋಗುತ್ತದೆ). ಎರಡರ ದರವನ್ನೂ ಈ ಪ್ರಮಾಣದಿಂದ ಗುಣಿಸಿ ಕೂಡಿಸಿ, ನೂಲಿನ ದರದಿಂದ ಕಳೆಯಿರಿ. ಕರೆಂಟು, ಕೂಲಿ, ಸಾಲದ ಬಡ್ಡಿ, ಲಾಭ ಎಲ್ಲವೂ ಆ ಉಳಿಕೆಯಿಂದಲೇ ಬರಬೇಕು. ತೈಲ ಸ್ಥಿರವಾಗಿದ್ದೂ ಉಳಿಕೆ ಕುಗ್ಗುತ್ತಿದ್ದರೆ ಸಾಮಾನ್ಯವಾಗಿ ಮಾರುಕಟ್ಟೆಯಲ್ಲಿ ಮಾಲು ಹೆಚ್ಚಾಗಿದೆ ಎಂದರ್ಥ.

2023ರಲ್ಲಿ ಜಗತ್ತಿನ ನಾರಿನ ಉತ್ಪಾದನೆ ಸುಮಾರು 12.4 ಕೋಟಿ ಟನ್. ಪಾಲಿಯೆಸ್ಟರ್ ಪಾಲು 57%. ಅದರಲ್ಲಿ ಬಹುಪಾಲು ಚೀನಾದ್ದು. ಅಲ್ಲಿನ ದೊಡ್ಡ ಕಂಪನಿಗಳು ತೈಲ ಸಂಸ್ಕರಣೆಯಿಂದ ನೂಲಿನವರೆಗೆ ಎಲ್ಲವನ್ನೂ ತಾವೇ ಕಟ್ಟಿಕೊಂಡಿವೆ. ಬೇಡಿಕೆ ಬಿದ್ದರೂ ಘಟಕ ನಿಲ್ಲಿಸುವುದು ಸುಲಭವಲ್ಲ: ಸುಮಾರು 280 ಡಿಗ್ರಿಯ ಕರಗಿದ ಪಾಲಿಮರ್ ತಣ್ಣಗಾದರೆ ಪೈಪಿನಲ್ಲೇ ಗಟ್ಟಿಯಾಗುತ್ತದೆ, ಮತ್ತೆ ಶುರುಮಾಡುವ ಖರ್ಚು ಭಾರೀ. ಹಾಗಾಗಿ ನಷ್ಟದಲ್ಲೂ ಓಡಿಸುತ್ತಾರೆ, ದಾಸ್ತಾನು ಬೆಳೆಯುತ್ತದೆ. ಚೀನೀ ಹೊಸವರ್ಷಕ್ಕೆ ಮಗ್ಗಗಳು ನಿಂತಾಗ ಇದು ಕಣ್ಣಿಗೆ ಹೊಡೆಯುತ್ತದೆ.

ಇದರ ಪೆಟ್ಟು ಮರುಬಳಕೆಯ ನಾರಿಗೆ, ಅದೇ ನನಗೆ ಹೆಚ್ಚು ಬೇಸರ. ಹೊಸ ನಾರು ಅಗ್ಗವಾದ್ದರಿಂದ ಒಟ್ಟು ಪಾಲಿಯೆಸ್ಟರಿನಲ್ಲಿ ಮರುಬಳಕೆಯ ಪಾಲು 2022ರ 13.6%ರಿಂದ ಮರುವರ್ಷ 12.5%ಕ್ಕೆ ಇಳಿಯಿತು. ಅದೂ ಬಹುತೇಕ ಪ್ಲಾಸ್ಟಿಕ್ ಬಾಟಲಿಗಳಿಂದ ಬಂದದ್ದು, ಹಳೆ ಬಟ್ಟೆಯಿಂದಲ್ಲ.