ಈ ಸಲ ತೆನೆ ಕಳಿಸಬೇಡ ಅಂದಿದ್ದೆ

ಪ್ರತಿ ವರ್ಷ ಮೊಂತಿ ಹಬ್ಬ, ಅಂದರೆ ಸೆಪ್ಟೆಂಬರ್ 8ರ ಮರಿಯಮ್ಮನ ಹುಟ್ಟುಹಬ್ಬ ಮತ್ತು ಹೊಸ ತೆನೆಯ ಹಬ್ಬ, ಮುಗಿದು ವಾರ ಹತ್ತು ದಿನಕ್ಕೆ ಉಡುಪಿ ಕಡೆಯ ಶಿರ್ವದಿಂದ ಅಮ್ಮನ ಲಕೋಟೆ ದುಬೈಗೆ ಬರುತ್ತದೆ. ಒಳಗೆ ಪತ್ರ ಇರುವುದಿಲ್ಲ, ಇಗರ್ಜಿಯಲ್ಲಿ (ಚರ್ಚಿನಲ್ಲಿ) ಆಶೀರ್ವದಿಸಿದ ಭತ್ತದ ಒಂದು ತೆನೆ, ಅಷ್ಟೇ. ಕರಾವಳಿಯ ಕೆಥೊಲಿಕರ ಮನೆಗಳಲ್ಲಿ ಊರಲ್ಲಿ ಇಲ್ಲದವರ ಪಾಲು ಹೀಗೆ ಅಂಚೆಯಲ್ಲಿ ಹೋಗುತ್ತದೆ. ಹಾಗಾಗಿ ಅದರ ಕಾಳು ಹಾಕಿದ ನಮ್ಮ ಹೊಸ ಅಕ್ಕಿ ಊಟ ಯಾವಾಗಲೂ ತಡ. 2025ರಲ್ಲಿ ಮಾತ್ರ ನಾನೇ ಫೋನ್ ಮಾಡಿ ಹೇಳಿದ್ದೆ, ಈ ಸಲ ಕಳಿಸಬೇಡ, ನಾವೇ ಬರ್ತೇವೆ, ಹೊಸ ಮನೆಯಲ್ಲೇ ಹಬ್ಬ ಅಂತ.

ಜುಲೈಯಲ್ಲಿ ನಮ್ಮವರ ಕೆಲಸ ಹೋಯಿತು. ಕಂಪನಿ ಹೆಸರು ಬೇಡ ಬಿಡಿ. ಟಿಕೆಟ್ ಕ್ಯಾನ್ಸಲ್ ಮಾಡಿದೆವು. ಮನೆ ಲಿಂಟಲ್ ತನಕ ಬಂದು ನಿಂತಿತು, ಮಳೆಗೆ ಗೋಡೆ ಪಾಚಿ ಹಿಡಿದ ಫೋಟೋ ಅತ್ತೆ ವಾಟ್ಸಾಪ್‌ನಲ್ಲಿ ಹಾಕಿದರು. ದೇವರ ಮೇಲೆ ಸಿಟ್ಟೇ ಬಂತು, ಸುಳ್ಳು ಯಾಕೆ ಹೇಳಲಿ. ಆಗಸ್ಟ್ 30ಕ್ಕೆ ನೊವೆನಾ, ಹಬ್ಬದ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ಶುರುವಾದರೂ ಮೊದಲ ಎರಡು ದಿನ ನಾನು ಹೋಗಲಿಲ್ಲ. ಮೂರನೇ ದಿನ ಹೋದದ್ದು ಮಗಳಿಗಾಗಿ, ಅವಳಿಗೆ ಮರಿಯಮ್ಮನಿಗೆ ಹೂ ಹಾಕಬೇಕಿತ್ತು. ಊರಲ್ಲಾದರೆ ಬೇಲಿ, ತೋಡಿನ ಬದಿ, ಪಕ್ಕದ ಮನೆಯ ಅಂಗಳ ಅಂತ ಎಲ್ಲ ಕಡೆ ನುಗ್ಗಿ ಒಂಬತ್ತು ದಿನವೂ ಬುಟ್ಟಿ ತುಂಬಿಸುತ್ತಿದ್ದೆವು. ಇಲ್ಲಿ ದುಡ್ಡು ಕೊಟ್ಟು ತಂದ ಒಂದು ಹಿಡಿ ಸೇವಂತಿಗೆ, ಅದನ್ನೂ ಅವಳು ಎಸಳು ಬಿಡಿಸಿ ನಾಲ್ಕು ದಿನಕ್ಕೆ ಹಂಚಿದಳು.

ಒಂದು ಸಂಜೆ ಫಾದರ್ ಪ್ರವಾದಿ ಹಬಕ್ಕೂಕನ ಮೂರನೇ ಅಧ್ಯಾಯದ ಕೊನೆಯನ್ನು ಓದಿದರು. ಅಂಜೂರದಲ್ಲಿ ಹೂವಿಲ್ಲ, ದ್ರಾಕ್ಷಿ ಬಳ್ಳಿಯಲ್ಲಿ ಹಣ್ಣಿಲ್ಲ, ಹೊಲದಲ್ಲಿ ಬೆಳೆಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ, ಆದರೂ ನಾನು ದೇವರಲ್ಲಿ ಸಂತೋಷಪಡುತ್ತೇನೆ ಅನ್ನುವ ಭಾಗ. ಮೊದಲೂ ಕೇಳಿದ್ದೆ, ಆದರೆ ಕೊನೆಯ ಸಾಲಿಗೆ ಓಡುವ ಅವಸರದಲ್ಲಿ ಆ ಪಟ್ಟಿಯನ್ನು ಗಮನಿಸಿರಲಿಲ್ಲ. ಹಬಕ್ಕೂಕ ಪರವಾಗಿಲ್ಲ ಅನ್ನುವುದಿಲ್ಲ. ಏನೇನು ಇಲ್ಲ ಅಂತ ಒಂದೊಂದಾಗಿ ಎಣಿಸುತ್ತಾನೆ, ನಮ್ಮ ಅಜ್ಜಿ ಅಂಗಡಿ ಲೆಕ್ಕ ಒಪ್ಪಿಸುತ್ತಿದ್ದ ಹಾಗೆ. ಮುಂದಿನ ವರ್ಷ ಬೆಳೆ ಬರುತ್ತದೆ ಅಂತಲೂ ಹೇಳುವುದಿಲ್ಲ. ಎಲ್ಲ ಸರಿಹೋಗುತ್ತದೆ ಅಂತ ನಂಬುವುದೇ ವಿಶ್ವಾಸ ಅಂದುಕೊಂಡಿದ್ದೆ ಇಷ್ಟು ವರ್ಷ. ಸರಿಹೋಗದ ಪಟ್ಟಿಯನ್ನು ದೇವರ ಮುಂದೆಯೇ ಹೋಗಿ ಓದುವುದೂ ವಿಶ್ವಾಸವೇ ಅಲ್ವಾ?

ಸೆಪ್ಟೆಂಬರ್ 8 ಸೋಮವಾರ ಬಂತು, ಮಗಳಿಗೆ ಸ್ಕೂಲು. ಸಂಜೆ ಔದ್ ಮೇಥಾದ ಸೇಂಟ್ ಮೇರೀಸ್ ಇಗರ್ಜಿಗೆ ಪೂಜೆಗೆ ಹೋದೆವು. ಊರಿಂದ ಬಂದ ಯಾರೋ ಸೂಟ್‌ಕೇಸಿನಲ್ಲಿ ತೆನೆಯ ಕಟ್ಟು ತಂದಿದ್ದರು, ಪರಿಚಯದ ಮನೆಗಳಿಗೆ ಒಂದೊಂದು ಕೊಟ್ಟರು. ನಮಗೆ ಸಿಕ್ಕಿದ್ದು ಬಡಕಲು ತೆನೆ. ಜೊಳ್ಳು ಬಿಟ್ಟು ಸುಲಿದರೆ ಹನ್ನೊಂದು ಕಾಳು. ನಮ್ಮವರು ಅದನ್ನು ಲೋಟದ ತಳದಿಂದ ಜಜ್ಜಿ, ಪ್ಯಾಕೆಟಿನ ತೆಂಗಿನ ಹಾಲಿಗೆ ಹಾಕಿ, ಪ್ರಾರ್ಥನೆ ಹೇಳಿ ಎಲ್ಲರಿಗೂ ಒಂದೊಂದು ಚಮಚ ಕೊಟ್ಟರು. ಯಾರ ಗದ್ದೆಯದ್ದೋ ಏನೋ ಅಂದೆ. ನಿದ್ದೆ ಬಿಟ್ಟು ವಿಡಿಯೋ ಕಾಲ್‌ನಲ್ಲಿ ಕೂತಿದ್ದ ಅಮ್ಮ ನಕ್ಕರು. ನಮ್ಮ ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದು ಎಷ್ಟೋ ವರ್ಷ ಆಯಿತಲ್ಲ ಮಗಾ, ನಾನು ಕಳಿಸುತ್ತಿದ್ದದ್ದೂ ಬೇರೆಯವರ ಗದ್ದೆಯದ್ದೇ.

ಇಷ್ಟು ದಿನ ನನಗೆ ಅದು ಹೊಳೆದೇ ಇರಲಿಲ್ಲ.

ಈ ಹಬ್ಬಕ್ಕೆ ಮೀನು, ಮಾಂಸ ಇಲ್ಲ, ತರಕಾರಿ ಬಗೆಗಳ ಲೆಕ್ಕ ಬೆಸ ಇರಬೇಕು. ನಮ್ಮ ಮನೆಯಲ್ಲಿ ಒಂಬತ್ತು. ಈ ಸಲ ಸುಮ್ನೆ ಐದಕ್ಕೆ ಇಳಿಸಿದ್ದೆ, ಬೆಂಡೆ, ಹೀರೆ, ಹರಿವೆ, ಕೆಸುವಿನ ದಂಟು, ಸೌತೆ. ಕೂರುವಷ್ಟರಲ್ಲಿ, ಓಣಂ ಅಡುಗೆಯ ಹುಮ್ಮಸ್ಸು ಇನ್ನೂ ಇಳಿಯದ ಪಕ್ಕದ ಫ್ಲಾಟಿನ ಮಲಯಾಳಿ ಚೇಚಿ ಒಂದು ಪಾತ್ರೆ ಓಲನ್ ಅನ್ನುವ ತರಕಾರಿ ಪದಾರ್ಥ ತಂದುಕೊಟ್ಟರು. ಆರಾಯಿತು! ಆಗುವುದಿಲ್ಲ, ಉಪ್ಪಿನಕಾಯಿಯನ್ನೂ ಲೆಕ್ಕಕ್ಕೆ ಸೇರಿಸು ಅಂತ ಅಮ್ಮ ಅಲ್ಲಿಂದಲೇ ಗದರಿದರು. ಸೇರಿಸಿದೆ. ಏಳು.