ಮುಳ್ಳು ಏಳಲೇ ಇಲ್ಲ

ನಮ್ಮ 19 ಅಡಿಯ ಹಳೇ ಬೋಟಿನ ಪೆಟ್ರೋಲ್ ಮೀಟರ್ ಮೇ ತಿಂಗಳಲ್ಲೇ ಕೈಕೊಟ್ಟಿತು. ಟ್ಯಾಂಕ್ ತುಂಬಿಸಿ ತಂದರೂ ಮುಳ್ಳು ‘ಇ’ ಬಿಟ್ಟು ಏಳಲಿಲ್ಲ. ನಾವು ಸುತ್ತುವುದು ಮಿಶಿಗನ್‌ನ ಸೇಂಟ್ ಕ್ಲೇರ್ ಸರೋವರದಲ್ಲಿ. ಆಚೆ ದಡ ಕೆನಡಾ. ನಡುನೀರಲ್ಲಿ ಪೆಟ್ರೋಲ್ ಖಾಲಿಯಾದರೆ ಇಳಿದು ತಳ್ಳಲು ಅದೇನು ಸ್ಕೂಟರ್ ಅಲ್ಲ.

ಗಂಗೊಳ್ಳಿಯ ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದೆ. “ಕೋಲ್ ಹಾಕಿ ಕಾಂಬುಕೆ ಆತಿಲ್ಯಾ ಮಾರಾಯ?” ಎಂದರು. ಅವರ ದೋಣಿಯಲ್ಲಿ ಡೀಸೆಲ್ ಅಳೆಯಲು ಗೀಟು ಕೊರೆದ ಬಿದಿರುಕೋಲು ಇತ್ತು. ನನ್ನ ಬೋಟಿನಲ್ಲಿ ಪೆಟ್ರೋಲ್ ಪೈಪು ಎರಡು ಕಡೆ ತಿರುಗಿ ಟ್ಯಾಂಕಿಗೆ ಇಳಿಯುತ್ತದೆ. ಕೋಲು ಹೋಗುವುದಿಲ್ಲ.

ಸುಮ್ನೆ ಹೊಸ ಮೀಟರ್ ತಂದು ಹಾಕಿದೆ. ಮುಳ್ಳು ಮತ್ತೆ ಅಲ್ಲೇ!

ಆಮೇಲೆ ಓದಿ ತಿಳಿದುಕೊಂಡೆ. ಟ್ಯಾಂಕಿನ ಮೇಲೆ ಸೆಂಡರ್ ಅಂತ ಇರುತ್ತದೆ. ಅದರ ತೇಲುವ ಬೆಂಡು ಏರಿಳಿದಂತೆ ರೆಸಿಸ್ಟೆನ್ಸ್ ಬದಲಾಗುತ್ತದೆ, ಮುಳ್ಳು ಅದಕ್ಕೆ ತಕ್ಕಂತೆ ಓಡುತ್ತದೆ. ಅಮೆರಿಕದ ಬೋಟುಗಳಲ್ಲಿ ಸಾಮಾನ್ಯವಾಗಿ ಖಾಲಿಗೆ 240 ಓಮ್, ತುಂಬಿದರೆ 33. ಸೆಂಡರಿನಿಂದ ಬರುವ ಗುಲಾಬಿ ವೈರ್ ಬಿಚ್ಚಿದರೆ ಮುಳ್ಳು ‘ಇ’ಗೆ ಬೀಳಬೇಕು. ಅದನ್ನೇ ಗ್ರೌಂಡಿಗೆ, ಅಂದರೆ ಬ್ಯಾಟರಿಯ ಮೈನಸ್‌ಗೆ ಹೋಗುವ ವೈರಿಗೆ, ಮುಟ್ಟಿಸಿದರೆ ‘ಎಫ್’ಗೆ ಏರಬೇಕು. ಏರಿದರೆ ಮೀಟರೂ ಸರಿ, ಆ ವೈರೂ ಸರಿ.

ಪೆಟ್ರೋಲ್ ಟ್ಯಾಂಕಿನ ಮೇಲೆ ಕಿಡಿ ಹಾರಿಸುವ ಆಟ ಬೇಡ. ಮುಚ್ಚಳಗಳನ್ನೆಲ್ಲ ತೆರೆದಿಟ್ಟು ಗಾಳಿಯಾಡಲು ಬಿಟ್ಟೆ. ಒಳಗಿನ ಪೆಟ್ರೋಲ್ ಆವಿಯನ್ನು ಹೊರಗೆ ತಳ್ಳುವ ಫ್ಯಾನ್, ಬ್ಲೋವರನ್ನು 4 ನಿಮಿಷಕ್ಕಿಂತ ಜಾಸ್ತಿಯೇ ಓಡಿಸಿದೆ. ಪೆಟ್ರೋಲ್ ವಾಸನೆ ಇಲ್ಲ ಅಂತ ಮೂಸಿ ನೋಡಿದೆ. ಪ್ರತಿ ಸಲ ಕೀ ಆಫ್ ಮಾಡಿಯೇ ವೈರ್ ಜೋಡಿಸಿದೆ, ಆಮೇಲೆ ಕೀ ತಿರುಗಿಸಲು ಹೇಳಿದೆ. ಮಗಳು ಸ್ಟೇರಿಂಗ್ ಹತ್ತಿರ, ನಾನು ಹಿಂದೆ ಹೊಟ್ಟೆಯ ಮೇಲೆ ಮಲಗಿಕೊಂಡು.

ಗುಲಾಬಿ ವೈರನ್ನು ಸೆಂಡರಿನ ಪಕ್ಕದಲ್ಲೇ ಇದ್ದ ಕಪ್ಪು ಗ್ರೌಂಡ್ ವೈರಿಗೆ ಸೇರಿಸಿದೆ. “ಏನೂ ಇಲ್ಲ ಅಪ್ಪಾ!” ಎಂದು ಕೂಗಿದಳು. ಸರಿ, ಗುಲಾಬಿ ವೈರೇ ಎಲ್ಲೋ ತುಂಡಾಗಿದೆ ಅಂದುಕೊಂಡು ಅರ್ಧ ಶನಿವಾರ ಸೀಟುಗಳ ಕೆಳಗೆ ತೆವಳಿದೆ. ಮೊಣಕೈ ತರಚಿದ್ದೇ ಲಾಭ.

ಭಾನುವಾರ ಕಾಫಿ ಕುಡಿಯುವಾಗ ಹೊಳೆಯಿತು. ಗ್ರೌಂಡೇ ಕೆಟ್ಟಿದ್ದರೆ? ಉದ್ದದ ವೈರೊಂದನ್ನು ಗುಲಾಬಿ ವೈರಿನಿಂದ ನೇರ ಬ್ಯಾಟರಿಯ ಮೈನಸ್‌ವರೆಗೆ ಎಳೆದು ಜೋಡಿಸಿದೆ. “ಫುಲ್! ಫುಲ್!” ಮಗಳ ಕೂಗಿಗೆ ಪಕ್ಕದ ಮನೆಯವರೂ ಹೊರಗೆ ಬಂದರು.

ಕೀ ಆಫ್ ಮಾಡಿ ಮಲ್ಟಿಮೀಟರನ್ನು ಸೆಂಡರಿಗೇ ಹಿಡಿದೆ. ಸುಮಾರು 100 ಓಮ್. ಅಂದರೆ ಅರ್ಧ ಟ್ಯಾಂಕ್. ಸೆಂಡರಿನಲ್ಲೂ ತಪ್ಪಿಲ್ಲ. ಕಪ್ಪು ವೈರಿನ ತುದಿಯ ರಿಂಗ್ ಟರ್ಮಿನಲ್ ಹೊರಗೆ ನೋಡಲು ಚೆನ್ನಾಗಿಯೇ ಇತ್ತು. ಕತ್ತರಿಸಿ ನೋಡಿದರೆ ಒಳಗಿನ ತಾಮ್ರವೆಲ್ಲ ಹಸಿರು ಪುಡಿ. ಬ್ಯಾಟರಿ ಬಿಚ್ಚಿಟ್ಟು, ಒಳ್ಳೆಯ ತಾಮ್ರ ಸಿಗುವವರೆಗೆ ವೈರ್ ಕತ್ತರಿಸಿ, ಹೊಸ ಟರ್ಮಿನಲ್ ಒತ್ತಿದೆ. ಹತ್ತು ನಿಮಿಷದ ಕೆಲಸ.

ಈಗ ಮುಳ್ಳು ಏಳುತ್ತದೆ. ಆದರೆ ಟ್ಯಾಂಕಿನ ತಳ ಕಿರಿದು. ಅರ್ಧದವರೆಗೆ ನಿಧಾನ ಇಳಿದ ಮುಳ್ಳು ಆಮೇಲೆ ಸರ್ರನೆ ಜಾರುತ್ತದೆ. ಅದಕ್ಕೇ ಮೂರನೇ ಒಂದು ಪಾಲು ಖರ್ಚಾದ ಕೂಡಲೇ ಬೋಟ್ ತಿರುಗಿಸುತ್ತೇನೆ. ಮಗಳು ಇನ್ನೂ ಸ್ವಲ್ಪ ಹೋಗೋಣ ಅಂದರೂ.